ದೀಪ ಹಚ್ಚುವ ಮೊದಲು

"ಅಲ್ಲೇ ನಿಂತ್ಕೊಳಪ್ಪ. ಅದನ್ನ ಎಲ್ಲಿಗೆ ತಗೊಂಡ್ ಹೋಗ್ತಿದೀಯ?"

ಬೈರಣ್ಣ ಒಂದು ಕಾಲು ಕೊಟ್ಟಿಗೆಯ ಒಳಗೆ, ಒಂದು ಕಾಲು ಹೊರಗೆ ಇಟ್ಟವನು ಹಾಗೇ ನಿಂತ. ರಬ್ಬರ್ ಕೊಳವೆ ಇನ್ನೂ ಹಲ್ಲಿನ ನಡುವೆಯೇ ಇತ್ತು. ಹೆಗಲ ಚೀಲದಲ್ಲಿ ಹತ್ತಿ ತುರುಕಿದ ಗಾಜಿನ ನಳಿಕೆಗಳು. ಅವುಗಳಲ್ಲಿ ಆಗಷ್ಟೇ ಗೌರಿ ಹಸುವಿನ ಹೊಟ್ಟೆಯ ಮೇಲಿಂದ, ಕೊಟ್ಟಿಗೆಯ ಗೋಡೆಯಿಂದ ಒಂದೊಂದಾಗಿ ಉಸಿರೆಳೆದು ಹಿಡಿದ ನೂರ ಹದಿನೆಂಟು ಸೊಳ್ಳೆಗಳು. ಎದುರಿಗೆ ಮನೆಯ ಮುದುಕಿ ನಾಗಲಕ್ಷ್ಮಮ್ಮ. ಆಗಲೇ ಬಾಗಿಲಿಗೆ ದೀಪವಿಟ್ಟು ಬಂದಿದ್ದರು, ಬೆರಳಲ್ಲಿ ಎಣ್ಣೆ ಇತ್ತು.

ಇದು ಸೊಳ್ಳೆ ಕಣಮ್ಮ, ಪರೀಕ್ಷೆಗೆ ಎಂದ ಬೈರಣ್ಣ. ಬೆಳಿಗ್ಗೆ ಬಂದು ಕೇಳಿದಾಗ ಹಿಡ್ಕೊಳ್ಳಿ ಅಂತ ನೀವೇ ಒಪ್ಪಿದ್ರಲ್ಲ ಎಂದೂ ಸೇರಿಸಿದ.

"ಹಿಡ್ಕೊ ಅಂದೆ. ದೀಪ ಹಚ್ಚಿದ್ಮೇಲೆ ಹೊರಗೆ ತಗೊಂಡ್ ಹೋಗು ಅಂದ್ನಾ? ಈ ಹೊತ್ತಲ್ಲಿ ನಮ್ಮನೆಯಿಂದ ಒಂದು ತೊಟ್ಟು ಹಾಲು ಆಚೆ ಹೋಗಲ್ಲ, ಹೆಪ್ಪಿಗೆ ಮಜ್ಜಿಗೆ ಹೋಗಲ್ಲ. ಅವುಗಳ ಹೊಟ್ಟೇಲಿರೋದು ನಮ್ಮ ಗೌರಿ ರಕ್ತ. ಅದು ಹೋಗಬಹುದಾ, ನೀನೇ ಹೇಳು."

ಬೈರಣ್ಣನ ತಾಯಿಯೂ ಮುಸ್ಸಂಜೆಯ ಮೇಲೆ ಉಪ್ಪು ಕೇಳಲು ಬಂದವರನ್ನು ಬರಿಗೈಲಿ ಕಳಿಸಿದವಳೇ. ಆರೋಗ್ಯ ಇಲಾಖೆಗೆ ಸೊಳ್ಳೆ ಹಿಡಿಯುವ ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದುಂಟು, ಕಳ್ಳನೆಂದು ಜನ ಹಿಡಿದು ಕೂರಿಸಿದ್ದುಂಟು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಚೀಲ ಇಳಿಸಿ, ಒಂದೊಂದೇ ನಳಿಕೆಯ ಹತ್ತಿ ತೆಗೆದು, ಸೊಳ್ಳೆಗಳನ್ನು ಗೌರಿಯ ಕೊಟ್ಟಿಗೆಗೇ ಬಿಟ್ಟುಬಿಟ್ಟ.

ಬನ್ನೇರುಘಟ್ಟ ರಸ್ತೆಯಲ್ಲಿ ಜೀಪು ಜಯನಗರದ ಕಡೆ ತಿರುಗಿದ ಮೇಲೆ, ಮುಂದೆ ಕುಳಿತಿದ್ದ ಪ್ರಯೋಗಶಾಲೆಯ ವಾರಿಜಾ ಮೇಡಂ ಎಷ್ಟು ಸಿಕ್ಕಿತು ಎಂದು ಕೇಳಿದರು. ಬೈರಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೀನಾಕ್ಷಿ ದೇವಸ್ಥಾನದ ಬಳಿ ಅವರು ಆ ದಿನದ ಪಟ್ಟಿಯಲ್ಲಿ ಸೊನ್ನೆ ಬರೆದರು. ಮೂವತ್ತೊಂದು ವರ್ಷಕ್ಕೆ ಈ ಹೆಣ್ಣುಮಗಳ ಕೈಲಿ ಬೈಸಿಕೊಳ್ಳುವುದು ಬಾಕಿ ಇತ್ತೇನೋ ಎಂದುಕೊಂಡು ಅವನು ತಲೆ ತಗ್ಗಿಸಿದ್ದ.

ಬೈಯಲು ಕಾರಣವೂ ಇತ್ತು. ಆ ವರ್ಷ, ತೊಂಬತ್ತೇಳರಲ್ಲಿ, ನಾಗಲಕ್ಷ್ಮಮ್ಮನ ಊರಾದ ಗೊಟ್ಟಿಗೆರೆಯಲ್ಲಿ ಎರಡು ಮಕ್ಕಳು ಮೂರೇ ದಿನದ ಜ್ವರಕ್ಕೆ ಫಿಟ್ಸ್ ಬಂದು ತೀರಿಕೊಂಡಿದ್ದವು. ರಕ್ತ ತೆಗೆಯುವ ಮೊದಲೇ ಮಣ್ಣು ಮಾಡಿಯಾಗಿತ್ತು. ಅದು ಸೊಳ್ಳೆಯಿಂದ ಬರುವ ಮೆದುಳು ಜ್ವರವೆಂದು ವಾರಿಜಾಗೆ ಅನುಮಾನ. ಲಸಿಕೆ ಕೇಳಲು ಹೋದರೆ, ಲಸಿಕೆ ಇರುವುದೇ ಅಷ್ಟು, ರೋಗಾಣು ನಿಮ್ಮ ಗೊಟ್ಟಿಗೆರೆಯಲ್ಲಿದೆ ಎಂದು ಮೊದಲು ತೋರಿಸಿ ಎಂದಿದ್ದರು ಮೇಲಿನವರು. ತೋರಿಸಬೇಕಾದರೆ ಸೊಳ್ಳೆಯೊಳಗೆ ಅದನ್ನು ಹಿಡಿಯಬೇಕು. ಊರ ಗದ್ದೆಗಳೆಲ್ಲ ಸೈಟುಗಳಾಗಿ ದನಗಳು ಮಾರಾಟವಾಗಿದ್ದವು. ಅಳಿದುಳಿದ ಕೊಟ್ಟಿಗೆಗಳಲ್ಲಿ ನಲವತ್ತು ಸಂಜೆ ಹಿಡಿದರೂ ರೋಗಾಣು ಸಿಕ್ಕಿರಲಿಲ್ಲ. ಕೆರೆಯಂಚಿನಲ್ಲಿ, ಹಂದಿಗೂಡಿಗೂ ಬೆಳ್ಳಕ್ಕಿ ಕೂರುವ ಮರಗಳಿಗೂ ಪಕ್ಕದಲ್ಲಿ ಉಳಿದಿದ್ದದ್ದು ನಾಗಲಕ್ಷ್ಮಮ್ಮನ ಕೊಟ್ಟಿಗೆ ಒಂದೇ. ಕಾರ್ತೀಕ ಬಂದಿತ್ತು. ಚಳಿ ಬಿದ್ದರೆ ಸೊಳ್ಳೆ ಇಳಿಯುತ್ತದೆ, ಆಮೇಲೆ ಮುಂದಿನ ಮಳೆಗಾಲದ ತನಕ ಕಾಯಬೇಕು. ಅಷ್ಟರಲ್ಲಿ ಇನ್ನೆಷ್ಟು ಮಕ್ಕಳೋ.

"ನಮ್ಮಜ್ಜಿನೂ ಕೊಡ್ತಿರಲಿಲ್ಲ ಬೈರಣ್ಣ," ಎಂದರು ವಾರಿಜಾ ಕೊನೆಗೆ. "ಕೇಳೋಕೆ ನಾನೇ ಬರಬೇಕಿತ್ತು. ನಿಮ್ಮದೇನೂ ತಪ್ಪಿಲ್ಲ."

ಮಾರನೆಯ ದಿನ ಮಧ್ಯಾಹ್ನ ವಾರಿಜಾ ಹೂವು, ವೀಳ್ಯದೆಲೆ ಹಿಡಿದು ನಾಗಲಕ್ಷ್ಮಮ್ಮನ ಜಗಲಿಯಲ್ಲಿ ಕುಳಿತರು. ದೀಪಕ್ಕೆ ಮುಂಚೆಯೇ ಹಿಡಿದುಕೊಂಡು ಹೋಗಿ ಎಂದರು ಮುದುಕಿ. ಅದೇ ಕಷ್ಟ ಎಂದರು ವಾರಿಜಾ. ತಮಗೆ ಬೇಕಾದ ಜಾತಿಯ ಸೊಳ್ಳೆ ಹೊತ್ತು ಮುಳುಗಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಮಾತ್ರ ದನದ ಮೈಗೆ ಬರುವುದು, ಅದರ ಹೊತ್ತೂ ದೀಪದ ಹೊತ್ತೂ ಒಂದೇ ಎಂದು ವಿವರಿಸಿದರು. ಹೀಗೆ ಮಾತು ಸುತ್ತಿ ಸುತ್ತಿ ಕೊನೆಗೆ ಮುದುಕಿಯ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. ತೀರಿಕೊಂಡ ಮಕ್ಕಳಲ್ಲಿ ಒಂದು ಪಕ್ಕದ ಮನೆಯ ಸಿದ್ದಗಂಗಮ್ಮನ ಮೊಮ್ಮಗು. ಗೌರಿಯ ಹಾಲು ಕುಡಿದೇ ಬೆಳೆದಿತ್ತು.

"ನಾಳೆ ನೀವು ಸಿಕ್ತು ಅಂತೀರ. ಊರು ಏನನ್ನತ್ತೆ ಗೊತ್ತಾ? ನಾಗಲಕ್ಷ್ಮಮ್ಮನ ಹಸುವಿನಿಂದ ಬಂತು ಅನ್ನತ್ತೆ. ಆ ಮಾತು ಕೇಳ್ಕೊಂಡು ನಾನು ಇದಕ್ಕೆ ಹುಲ್ಲು ಹಾಕ್ಲಾ?"

ವಾರಿಜಾ ಕೈಯಲ್ಲಿದ್ದ ಎಲೆ ಕೆಳಗಿಟ್ಟರು.

"ಆ ರೋಗಾಣು ಬೆಳೆಯೋದು ಹಂದೀಲಿ, ಬೆಳ್ಳಕ್ಕೀಲಿ ಅಮ್ಮ. ಹಸು ಯಾರಿಗೂ ಕೊಡಲ್ಲ. ಅವನ್ನ ಕಚ್ಚಿದ ಸೊಳ್ಳೆ ಇಲ್ಲಿ ಬಂದು ಕಚ್ಚಿದ್ರೂ, ಹಸುವಿನ ಮೈಗೆ ಬಂದಿದ್ದು ಅಲ್ಲೇ ಮುಗಿದು ಹೋಗುತ್ತೆ. ಹಾಲಿಗೂ ಬರಲ್ಲ. ನಮ್ಮ ಪುಸ್ತಕದಲ್ಲೇ ಹಾಗೆ ಬರ್ದಿದೆ."

"ಅಲ್ಲೇ ಮುಗಿಯತ್ತಾ?"

"ಅಲ್ಲೇ."

ನಾಗಲಕ್ಷ್ಮಮ್ಮ ಕೊಟ್ಟಿಗೆಯ ಕಡೆ ತಿರುಗಿದರು. ಗೌರಿ ಕಿವಿ ಬಡಿಯುತ್ತ ಮೆಲುಕು ಹಾಕುತ್ತಿತ್ತು. ಮುದುಕಿ ಎದ್ದು ಒಳಗೆ ಹೋಗಿ ಎರಡು ಲೋಟ ಕಾಫಿ ತಂದಿಟ್ಟರು. ಬೈರಣ್ಣ ಬರಲಿ ಎಂದಷ್ಟೇ ಹೇಳಿದರು.

ಅಂದು ಸಂಜೆ ಬೈರಣ್ಣ ಅಳುಕುತ್ತಲೇ ಕೊಟ್ಟಿಗೆ ಹೊಕ್ಕ. ಕೆರೆಯ ಮೇಲೆ ಕೆಂಪು ಆರಿ ಬೂದಿಯಾಯಿತು. ಸುತ್ತಲ ಮನೆಗಳ ಹೊಸ್ತಿಲುಗಳಲ್ಲಿ ಒಂದೊಂದಾಗಿ ಹಣತೆಗಳು ಎದ್ದವು. ಕಾರ್ತೀಕವಲ್ಲವೇ, ಬಡವರ ಮನೆಯಲ್ಲೂ ಎರಡು ಇರುತ್ತವೆ. ಇತ್ತ ಸೊಳ್ಳೆಗಳು ಗುಂಯ್ಯೆಂದು ಇಳಿದವು. ಅವನು ಟಾರ್ಚು ಓರೆ ಹಿಡಿದು, ನಳಿಕೆಯ ಬಾಯಿ ತಾಗಿಸಿ, ಸಣ್ಣಗೆ ಉಸಿರೆಳೆದು ಎಳೆದು ಹಿಡಿಯತೊಡಗಿದ. ಒಂದು ನಳಿಕೆ ತುಂಬಿ ಹತ್ತಿ ತುರುಕುವಾಗ ತಲೆ ಎತ್ತಿದರೆ, ಮನೆ ಕತ್ತಲಾಗಿತ್ತು.

ಹೊಸ್ತಿಲ ಬಳಿ ನಾಗಲಕ್ಷ್ಮಮ್ಮ ಕುಳಿತಿದ್ದರು. ಮುಂದೆ ತೊಳೆದಿಟ್ಟ ಹಿತ್ತಾಳೆ ದೀಪ, ಎಣ್ಣೆ ಹಾಕಿ ಬತ್ತಿ ನೆನೆಸಿದ್ದು. ಮಡಿಲಲ್ಲಿ ಬೆಂಕಿಪೆಟ್ಟಿಗೆ. ಹಚ್ಚಿರಲಿಲ್ಲ.

ಬೈರಣ್ಣನಿಗೆ ಅರ್ಥವಾಗುವ ಹೊತ್ತಿಗೆ ಗೋಡೆಯಾಚೆಯಿಂದ ಸಿದ್ದಗಂಗಮ್ಮನ ದನಿ ಬಂತು. ಮೊಮ್ಮಗು ಹೋದ ಮೇಲೆ ಆಕೆಯ ಮಾತು ಮೊನಚಾಗಿತ್ತು.

"ಏನೇ ನಾಗಲಕ್ಷ್ಮಿ, ಕಾರ್ತೀಕದಲ್ಲಿ ಮನೆ ಕತ್ಲೆ ಮಾಡ್ಕೊಂಡ್ ಕೂತಿದೀಯ? ಸೊಳ್ಳೆ ಹಿಡಿಯೋನಿಗೆ ನಾಚ್ಕೆ ಆಗತ್ತೆ ಅಂತಾನಾ?"

"ಹೂಂ ಕಣೆ. ಅವನಿಗಿಂತ ಸೊಳ್ಳೆಗೇ ನಾಚ್ಕೆ ಜಾಸ್ತಿ," ಎಂದರು ನಾಗಲಕ್ಷ್ಮಮ್ಮ. ಆಮೇಲೆ ದನಿ ತಗ್ಗಿಸಿ, "ನಿನ್ ಮಗೀಗೆ ಬಂದಿದ್ದು ಏನು ಅಂತ ನೋಡ್ತಾವ್ರೆ ಗಂಗೀ. ಸ್ವಲ್ಪ ತಡ ಆದ್ರೆ ತಾಯಿ ಕೋಪ ಮಾಡ್ಕೊಳಲ್ಲ," ಎಂದರು.

ಸ್ವಲ್ಪ ಹೊತ್ತಿಗೆ ಸಿದ್ದಗಂಗಮ್ಮನೇ ಬಂದು, ಸೆರಗು ಹೊದ್ದು, ಹೊಸ್ತಿಲ ಇನ್ನೊಂದು ಬದಿಗೆ ಕತ್ತಲಲ್ಲಿ ಕುಳಿತಳು.

ಇಷ್ಟು ವರ್ಷ ಬೈರಣ್ಣ ಲೆಕ್ಕಕ್ಕೆಂದು ಹಿಡಿದಿದ್ದ, ಸಂಬಳಕ್ಕೆಂದು ಹಿಡಿದಿದ್ದ. ಯಾರೂ ತಮ್ಮ ದೀಪ ನಿಲ್ಲಿಸಿಕೊಂಡು ತನಗಾಗಿ ಕಾದದ್ದು ಇರಲಿಲ್ಲ. ಅಂದು ಒಂದು ಸೊಳ್ಳೆಯನ್ನೂ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಕೊನೆಯ ನಳಿಕೆಗೆ ಹತ್ತಿ ತುರುಕಿ, ಚೀಲ ಹೆಗಲಿಗೇರಿಸಿ, ಬಿರಬಿರನೆ ಅಂಗಳ ದಾಟಿ, ಗೇಟಿನಾಚೆ ರಸ್ತೆಯಲ್ಲಿ ನಿಂತು ಕೂಗಿದ:

"ದಾಟಿದೆ ಕಣಮ್ಮ!"

ಕತ್ತಲಲ್ಲಿ ಕಡ್ಡಿ ಗೀರಿದ ಸದ್ದಾಯಿತು.

ಹೀಗೆ ಹನ್ನೊಂದು ಸಂಜೆ. ಪ್ರಯೋಗಶಾಲೆಯಲ್ಲಿ ವಾರಿಜಾ ಸೊಳ್ಳೆಗಳನ್ನು ತಣ್ಣನೆಯ ಹಲಗೆಯ ಮೇಲೆ ಹರಡಿ, ಜಾತಿ ಬೇರ್ಪಡಿಸಿ, ಐವತ್ತೈವತ್ತರ ಗುಂಪು ಮಾಡಿ, ಗುಂಪು ಗುಂಪನ್ನೂ ಅರೆದು ಪರೀಕ್ಷೆಗಿಟ್ಟರು. ಮೊದಲ ಗುಂಪಿನಲ್ಲಿ ಇಲ್ಲ. ಎಂಟನೆಯದರಲ್ಲೂ ಇಲ್ಲ. ಬೈರಣ್ಣ ದಿನಾ ಬೆಳಿಗ್ಗೆ ಬಾಗಿಲ ಬಳಿ ನಿಂತು ಮುಖ ನೋಡುವನು, ಅವರು ಇಲ್ಲವೆಂದು ತಲೆಯಾಡಿಸುವರು. ಹದಿನಾಲ್ಕನೆಯ ಗುಂಪಿನ ದಿನ ಅವರು ತಲೆಯಾಡಿಸಲಿಲ್ಲ. ಕನ್ನಡಕ ತೆಗೆದು, ಕುರ್ಚಿ ಎಳೆದು, ಕೂತ್ಕೊಳ್ಳಿ ಬೈರಣ್ಣ ಎಂದರು. ಅವರೆದುರು ಅವನು ಯಾವತ್ತೂ ಕುಳಿತವನಲ್ಲ. ಅಂದು ಕುಳಿತ.

ವರದಿಯಲ್ಲಿ 'ಕೆರೆಯಂಚಿನ ಒಂದು ಕೊಟ್ಟಿಗೆ' ಎಂದಷ್ಟೇ ಬರೆದರು ವಾರಿಜಾ. ಸಂಕ್ರಾಂತಿ ಕಳೆದು ಗೊಟ್ಟಿಗೆರೆಯ ಶಾಲೆಯಲ್ಲಿ ಮಕ್ಕಳು ಲಸಿಕೆಗಾಗಿ ಅಂಗಿಯ ತೋಳು ಮಡಿಸಿಕೊಂಡು ಸಾಲಾಗಿ ನಿಂತರು. ಸಿದ್ದಗಂಗಮ್ಮ ಉಳಿದ ಇಬ್ಬರು ಮೊಮ್ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಂದಿಗೂಡನ್ನು ಊರಿಂದ ದೂರಕ್ಕೆ ಸಾಗಿಸಿದರು. ಗೌರಿಯ ಹಾಲು ಎಂದಿನಂತೆ ಮನೆಮನೆಗೆ ಹೋಯಿತು. ಏಪ್ರಿಲ್‌ನಲ್ಲಿ ಬೈರಣ್ಣ ನಿವೃತ್ತನಾದ. ಹಾರ ಹಾಕಿಸಿಕೊಂಡು, ಎರಡು ಮಾತಾಡಿ ಎಂದರೆ ಕೈಮುಗಿದು ಇಳಿದುಬಿಟ್ಟ.

ಆ ವರ್ಷದ ಮಳೆಗಾಲ ಕಳೆಯಿತು. ಗೊಟ್ಟಿಗೆರೆಯಲ್ಲಿ ಯಾವ ಮಗುವಿಗೂ ಆ ಜ್ವರ ಬರಲಿಲ್ಲ. ಕಾರ್ತೀಕ ಹುಟ್ಟಿದ ಮೂರನೆಯ ದಿನ ಬೈರಣ್ಣ ಎಳ್ಳೆಣ್ಣೆಯ ಒಂದು ಬಾಟಲಿ ಹಿಡಿದು, ಬನಶಂಕರಿಯ ತನ್ನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಸ್ಸು ನಿಧಾನವಾಗಿ, ಇಳಿಯುವ ಹೊತ್ತಿಗೆ ಕೆರೆಯ ಮೇಲೆ ಕೆಂಪು ಆರಿತ್ತು.

ಎಲ್ಲ ಹೊಸ್ತಿಲಲ್ಲೂ ಹಣತೆಗಳಿದ್ದವು. ನಾಗಲಕ್ಷ್ಮಮ್ಮನ ಮನೆ ಕತ್ತಲಾಗಿತ್ತು. ಗೇಟು ತೆರೆದು ಒಳಗೆ ಬಂದರೆ, ಅದೇ ಜಾಗದಲ್ಲಿ, ಮುಂದೆ ದೀಪ ಇಟ್ಟುಕೊಂಡು, ಮುದುಕಿ ಕುಳಿತಿದ್ದಾರೆ. ಕಣ್ಣು ಕಿರಿದು ಮಾಡಿ ನೋಡಿದರು.

"ಬೈರಣ್ಣನಾ? ಬಾರಪ್ಪ. ಯಾಕೋ ಈ ತಿಂಗಳು ಬಂದಾಗಿಂದ ಬೇಗ ಹಚ್ಚೋಕೆ ಕೈ ಬರಲ್ಲ ನೋಡು. ಏನೋ ಒಳಗೇ ಉಳ್ಕೊಂಡ್ ಬಿಡತ್ತೇನೋ ಅನ್ಸತ್ತೆ."

ಬೈರಣ್ಣ ಎಣ್ಣೆಯ ಬಾಟಲಿಯನ್ನು ದೀಪದ ಪಕ್ಕ ಇಟ್ಟ. ಕೊಟ್ಟಿಗೆಗೆ ಹೋಗಿ ಗೌರಿಯ ಬೆನ್ನು ಒಮ್ಮೆ ಸವರಿದ. ಆಮೇಲೆ ಬರಿಗೈಲಿ ಅಂಗಳ ದಾಟಿ, ಗೇಟಿನಾಚೆ ರಸ್ತೆಯಲ್ಲಿ ನಿಂತ.

"ದಾಟಿದೆ ಕಣಮ್ಮ," ಎಂದ.

ಕಡ್ಡಿ ಗೀರಿದ ಸದ್ದಾಯಿತು. ಮೊದಲು ಎರಡು ಕೈ ಕಂಡವು, ಆಮೇಲೆ ಹೊಸ್ತಿಲು, ಆಮೇಲೆ ಕೊಟ್ಟಿಗೆಯೊಳಗೆ ಇತ್ತಲೇ ನೋಡುತ್ತಿದ್ದ ಗೌರಿಯ ಒಂದು ಕಣ್ಣು.