ಬಾಲ ಆಡಿಸಿತೆಂದು ಆಸ್ಪತ್ರೆ ಬಿಟ್ಟರು

ನಾಯಿ ವಾಂತಿ ಮಾಡಿದರೆ ನಮ್ಮ ಊರುಗಳಲ್ಲಿ ಯಾರೂ ಕೆಲಸ ಬಿಟ್ಟು ಕೂಡುವುದಿಲ್ಲ. ಹುಲ್ಲು ತಿಂದು ತಾನೇ ಸರಿಹೋಗುತ್ತದೆ ಎನ್ನುತ್ತೇವೆ. ಚೋರನೂರಿನ ಉಚ್ಚಂಗೆಮ್ಮನ ಮನೆಯಲ್ಲೂ ಹಾಗೇ ಅಂದರು.

ಉಚ್ಚಂಗೆಮ್ಮ ಹೊಲದ ಕೂಲಿಗೆ ಹೋಗುವವಳು. ಗಂಡ ನಾಗೇಂದ್ರಪ್ಪ ಗಣಿಯ ಬಳಿ ಅದಿರು ಲಾರಿಗಳಿಗೆ ತಾಡಪಾಲು ಕಟ್ಟುತ್ತಿದ್ದ. ಅತ್ತೆ ಜಂಬಕ್ಕನಿಗೆ ಕಣ್ಣು ಮಂಜು. ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ಓಡತೊಡಗಿದ ಮೇಲೆ ಅವರು ಹೊರಗೆ ಹೊರಟರೆ ಚಂಗ್ಯಾ ಜೊತೆಗಿರಲೇಬೇಕು. ಚಂಗ್ಯಾ ಅಂದರೆ ಇನ್ನೂ ವರ್ಷ ತುಂಬದ ಕಂದು ನಾಯಿ. ಲಾರಿ ಸದ್ದು ಕೇಳಿದರೆ ಜಂಬಕ್ಕನ ಮುಂದೆ ಅಡ್ಡ ನಿಂತು ಬೊಗಳುತ್ತಿತ್ತು. ಅದು ಸುಮ್ಮನಾದ ಮೇಲೆಯೇ ಅವರು ರಸ್ತೆ ದಾಟುತ್ತಿದ್ದರು. ಅದಕ್ಕೆ ಇದನ್ನು ಯಾರೂ ಕಲಿಸಿರಲಿಲ್ಲ.

ಒಂದು ಬೆಳಿಗ್ಗೆ ಚಂಗ್ಯಾ ಹಾಕಿದ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ಹಳದಿ ನೊರೆ ಕಾರಿತು. ನೀರು ಕುಡಿದರೆ ಅದನ್ನೂ ಕಾರಿತು.

"ಏನೋ ಹೊಲಸು ತಿಂದೈತಿ, ಬಿಡು," ಎಂದ ನಾಗೇಂದ್ರಪ್ಪ. "ನನ್ನ ಹೊಟ್ಟಿನೋವಿನ ಗುಳಿಗಿ ಅದಾವಲ್ಲ, ಅದರಾಗ ಅರ್ಧ ಹಾಕು."

ಗುಳಿಗೆ ಹುಡುಕುತ್ತಿದ್ದ ಉಚ್ಚಂಗೆಮ್ಮನನ್ನು ತಡೆದವಳು ಪಕ್ಕದ ಮನೆಯ ವಿರುಪಮ್ಮ. ಮಹಿಳಾ ಸಂಘದ ಸಭೆಗೆ ಬಂದಿದ್ದ ದನದ ಡಾಕ್ಟರರ ಮಾತನ್ನು ಕೇಳಿ ಅವಳು ತನ್ನ ನಾಯಿ ಗುಂಡನಿಗೆ ಲಸಿಕೆ ಹಾಕಿಸಿದ್ದಳು.

"ಯವ್ವಾ, ಮನುಷ್ಯಾರ ಗುಳಿಗಿ ಹಾಕಬ್ಯಾಡ. ನಾಯಿಗೆ ಅದು ವಿಷ ಆಕ್ಕೈತಂತ. ಎಣ್ಣಿ, ಮಜ್ಜಿಗಿ ಏನೂ ಬಾಯಾಗ ಹೊಯ್ಯಬ್ಯಾಡ. ಜಲ್ದಿ ಸಂಡೂರಿಗೆ ಒಯ್ರಿ."

"ನಾಯಿಗೆ ಆಸ್ಪತ್ರಿ ಏನಕ್ಕ? ಮಂದಿ ನಗ್ತಾರ," ಎಂದ ನಾಗೇಂದ್ರಪ್ಪ.

"ನಗವರು ನಗಲಿ. ಅದರ ಕಣ್ಣು ನೋಡು, ಒಳಗ ಹೋಗ್ಯಾವು."

ಮಧ್ಯಾಹ್ನದ ಹೊತ್ತಿಗೆ ನೀರಿನಂತೆ ಭೇದಿ ಶುರುವಾಯಿತು. ಅದರಲ್ಲಿ ರಕ್ತವಿತ್ತು. ಅಂಗಳದ ತುಂಬ ತಡೆಯಲಾರದ ವಾಸನೆ. ಆಗ ನಾಗೇಂದ್ರಪ್ಪನೂ ಹೆದರಿದ. ಚಂಗ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ, ಟಂಟಂ ಆಟೋ ಹಿಡಿದು ಗಂಡ ಹೆಂಡತಿ ಸಂಡೂರಿಗೆ ಹೋದರು.

ಪಶು ಆಸ್ಪತ್ರೆಯ ಡಾಕ್ಟರ್ ಶ್ರೀಲಕ್ಷ್ಮೀ ನಾಯಿಯ ಒಸಡು ಒತ್ತಿ ನೋಡಿದರು. ಚರ್ಮ ಎತ್ತಿ ಬಿಟ್ಟು ನೋಡಿದರು. ಕೂಡಲೇ ಸಲೈನ್ ಏರಿಸಿದರು.

"ಇದು ಪಾರ್ವೊ ಇದ್ದಂಗ ಕಾಣ್ತದ. ನಾಯಿಯಿಂದ ನಾಯಿಗೆ ಹರಡೋ ರೋಗ. ಹೊಲಸು ಮೆಟ್ಟಿದ ನಮ್ಮ ಚಪ್ಪಲಿ ಜೊತಿಗೂ ಮನಿಗೆ ಬರ್ತದ. ಲಸಿಕಿ ಹಾಕ್ಸಿದ್ರೇನು?"

ಉಚ್ಚಂಗೆಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಇರ್ಲಿ. ವಾಂತಿ ಭೇದಿಯಿಂದ ಮೈಯಾಗಿನ ನೀರೆಲ್ಲ ಹೋಗ್ಯದ. ನಾಳಿನೂ ಕರಕೊಂಡು ಬರ್ರಿ, ನಾಡದ್ದೂ ಬರ್ರಿ. ನಾನು ಸಾಕು ಅನ್ನೋತನಕ ಬಿಡಬ್ಯಾಡ್ರಿ. ನಾನು ಹೇಳೋತನಕ ಅನ್ನ, ಮಾಂಸ ಏನೂ ಹಾಕಬ್ಯಾಡ್ರಿ."

ಮರುದಿನ ಬೆಳಿಗ್ಗೆ ಚಂಗ್ಯಾ ಎದ್ದು ನಿಂತಿತು. ಜಂಬಕ್ಕನ ಸೆರಗು ಮೂಸಿ ಬಾಲ ಆಡಿಸಿತು. ಮನೆಯಲ್ಲಿ ಹಬ್ಬವಾದಂತಾಯಿತು.

"ನೋಡಿದ್ಯಾ, ಆರಾಮಾತು," ಎಂದ ನಾಗೇಂದ್ರಪ್ಪ. "ಇವತ್ತು ಲಾರಿ ಭಾಳ ಅದಾವು. ನಾ ಹೋಗ್ತೀನಿ."

"ಡಾಕ್ಟರು ಬರ್ರಿ ಅಂದಿದ್ರಲ್ಲ?"

"ಅವರು ಹಂಗ ಅಂತಾರ. ಬಾಲ ಆಡಸ್ತೈತಿ, ಇನ್ನೇನು ಬೇಕು?"

ಉಚ್ಚಂಗೆಮ್ಮನಿಗೂ ಹೌದೆನಿಸಿತು. ಪಾಪ, ಹಸಿದಿದೆ ಎಂದು ಅನ್ನಕ್ಕೆ ಮಾಂಸದ ಸಾರು ಕಲಸಿ ಇಟ್ಟಳು. ಚಂಗ್ಯಾ ಎರಡು ತುತ್ತು ತಿಂದಿತು. ಸ್ವಲ್ಪ ಹೊತ್ತಿಗೆ ಎಲ್ಲವನ್ನೂ ಕಾರಿಕೊಂಡಿತು. ಆಮೇಲೆ ಮತ್ತೆ ರಕ್ತ. ಈ ಸಲ ಅದಕ್ಕೆ ತಲೆ ಎತ್ತಲೂ ಆಗಲಿಲ್ಲ.

ವಿರುಪಮ್ಮನೇ ಟಂಟಂ ಕರೆದು ತಂದು ಜೊತೆಗೆ ಹತ್ತಿದಳು. ರಸ್ತೆಯಲ್ಲಿ ಅದಿರು ಲಾರಿಗಳು ಅಲುಗಾಡದೆ ನಿಂತಿದ್ದವು. ಕೆಂಪು ಧೂಳಿನ ನಡುವೆ ಉಚ್ಚಂಗೆಮ್ಮ ಚಂಗ್ಯಾನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಸಂಡೂರು ಮುಟ್ಟುವ ಮೊದಲೇ ಅದರ ಮೈ ತಣ್ಣಗಾಯಿತು.

ಆದರೂ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಬೈಯಲಿಲ್ಲ. "ಮುಂಜಾನಿ ಎದ್ದು ನಿಂತಿದ್ದು ನಿನ್ನಿನ ಸಲೈನಿನ ಬಲದಿಂದ. ರೋಗ ಒಳಗ ಇನ್ನೂ ಇತ್ತು," ಎಂದಷ್ಟೇ ಹೇಳಿದರು. ಮತ್ತೆ, "ದಿನಾ ಬಂದಿದ್ರೂ ಉಳೀತಿತ್ತು ಅಂತ ಖಾತ್ರಿಯಾಗಿ ಹೇಳಾಕ ಆಗಂಗಿಲ್ಲ. ಆದ್ರ ಅದಕ್ಕ ಒಂದು ಅವಕಾಶ ಇರ್ತಿತ್ತು," ಎಂದರು.

ಮನೆಯಲ್ಲಿ ಜಂಬಕ್ಕ ಬಾಗಿಲಲ್ಲೇ ಕಾದಿದ್ದರು. ನಾಗೇಂದ್ರಪ್ಪ ಕೆಲಸ ಬಿಟ್ಟು ಓಡಿ ಬಂದ. ಮಗ ಗುದ್ದಲಿ ತೆಗೆದುಕೊಂಡ ಸದ್ದಿಗೇ ಅವರಿಗೆ ತಿಳಿಯಿತು. "ಆಳವಾಗಿ ತೋಡಪ್ಪ," ಎಂದರು. ಅಂದಿನಿಂದ ಅವರು ರಸ್ತೆಯ ಕಡೆಗೆ ಹೋಗುವುದನ್ನೇ ಬಿಟ್ಟರು. ಉಚ್ಚಂಗೆಮ್ಮ ಕೈ ಹಿಡಿದು ಕರೆದರೆ, "ಇವತ್ತು ಬ್ಯಾಡವ್ವ," ಎನ್ನುತ್ತಿದ್ದರು.

ಡಾಕ್ಟರು ಹೇಳಿದಂತೆ ಅಂಗಳವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದರು, ಗೋಣಿಚೀಲ ಸುಟ್ಟರು. ಚಂಗ್ಯಾನ ಜೊತೆ ದಿನವೂ ಆಡುತ್ತಿದ್ದರೂ, ಲಸಿಕೆ ಹಾಕಿಸಿದ್ದ ಗುಂಡನಿಗೆ ಏನೂ ಆಗಲಿಲ್ಲ. ನಾಗೇಂದ್ರಪ್ಪ ಅದನ್ನು ನೋಡುತ್ತ ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ಕೆಲವು ದಿನಗಳಲ್ಲಿ ಅದೇ ಓಣಿಯ ಹೊನ್ನೂರಪ್ಪನ ಮರಿ ವಾಂತಿ ಮಾಡತೊಡಗಿತು. ಸುದ್ದಿ ಕೇಳಿದ ನಾಗೇಂದ್ರಪ್ಪ ಕೆಲಸಕ್ಕೆ ಹೋಗಲಿಲ್ಲ. ನೇರ ಅವನ ಮನೆಗೆ ಹೋದ.

"ಏಳಲೇ ಹೊನ್ನೂರಪ್ಪ, ಸಂಡೂರಿಗೆ ಹೋಗೂಣು."

"ಸಂಜಿತನಕ ನೋಡೂಣು ಬಿಡಣ್ಣ."

"ನಾ ನೋಡ್ಕೊಂತ ಕುಂತು ಕಳಕೊಂಡೀನಿ. ನೀ ಕುಂದ್ರಬ್ಯಾಡ."

ಮರಿಯನ್ನು ಅವನೇ ಎತ್ತಿಕೊಂಡ. ಮರಿ ಚೇತರಿಸಿಕೊಂಡು ಕುಣಿದಾಡಿದ ಮೇಲೂ, ಡಾಕ್ಟರು ಸಾಕು ಅನ್ನುವವರೆಗೆ ಹೊನ್ನೂರಪ್ಪನನ್ನು ದಿನಾ ಎಬ್ಬಿಸಿ ಹೊರಡಿಸಿದ. ಮರಿ ಉಳಿಯಿತು. ಮುಂದೆ ಊರಿನ ನಾಯಿಗಳಿಗೆ ಲಸಿಕೆ ಹಾಕಿದ ದಿನ ಉಚ್ಚಂಗೆಮ್ಮ, ವಿರುಪಮ್ಮ ಇಬ್ಬರೂ ಮನೆಮನೆಗೆ ಹೋಗಿ ಕರೆದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಒಂದು ನಾಯಿ ಇರಬಹುದು. ಅದು ಊಟ ಬಿಟ್ಟು ಮತ್ತೆ ಮತ್ತೆ ಕಾರಿಕೊಂಡರೆ, ಭೇದಿಯಲ್ಲಿ ರಕ್ತ ಕಂಡರೆ, ಸಂಜೆಯವರೆಗೆ ಕಾಯಬೇಡಿ. ನಿಮ್ಮ ಗುಳಿಗೆ ಹಾಕಬೇಡಿ. ಬೇರೆ ನಾಯಿಗಳಿಂದ ದೂರವಿಟ್ಟು ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಬಾಲ ಆಡಿಸಿತೆಂದು ಚಿಕಿತ್ಸೆ ನಡುವೆ ಬಿಡಬೇಡಿ. ಮರಿ ಚಿಕ್ಕದಿರುವಾಗಲೇ ಡಾಕ್ಟರನ್ನು ಕೇಳಿ ಲಸಿಕೆ ಹಾಕಿಸಿ, ಅವರು ಹೇಳಿದಾಗಲೆಲ್ಲ ಮತ್ತೆ ಹಾಕಿಸಿ. ಎಲ್ಲಿ ನೋಯುತ್ತಿದೆ ಎಂದು ಹೇಳಲು ಅದಕ್ಕೆ ಮಾತಿಲ್ಲ. ನೋಡಿ ತಿಳಿದುಕೊಳ್ಳಬೇಕಾದವರು ನಾವೇ.