ಸುಲ್ತಾನಾಳ ಬೆರಳು

“ಇಡೀ ಒಂದ್ ವರ್ಷ ನಾ ಏನ್ ಕೇಳ್ಕೋತ ಕುಂತಿದ್ದೆ?”

ಧಾರವಾಡದಿಂದ ಹೊರಟ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಗೌತಮಿ ಹೀಗೆ ಕೇಳಿದಳು. ಬಾಜು ಸೀಟಿನ ಮುದುಕ ಗೊರಕೆ ಹೊಡೆಯುತ್ತಿದ್ದ. ಹೊರಗೆ ಎರಿ ಹೊಲ ಕಣ್ಣು ಹಾಯುವಷ್ಟು ದೂರ ಕಪ್ಪಗೆ ಹರಡಿತ್ತು.

ಗೌತಮಿ ತಿರ್ಲಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಓದಲು ತಡವರಿಸುವ ಮಕ್ಕಳನ್ನು ಓದಿಗೆ ಹಚ್ಚುವುದನ್ನೇ ಕಲಿಸುವ ಎರಡು ವರ್ಷದ ಸ್ನಾತಕೋತ್ತರ ತರಬೇತಿಗೆ ಸೇರಿದ್ದಳು. ಶನಿವಾರ ಶಾಲೆ ಬಿಟ್ಟೊಡನೆ ಧಾರವಾಡಕ್ಕೆ ಹೋಗಿ ರವಿವಾರ ಸಂಜೆ ತಿರುಗಿ ಬರುವುದು. ಆ ವಾರ ಎಲ್ಲರೂ ತಮ್ಮ ಶಾಲೆಯಲ್ಲಿ ಚೆನ್ನಾಗಿ ಓದುವ ಒಂದು ಮಗುವಿನ ವಿಡಿಯೋ ತರಬೇಕಿತ್ತು. ಗೌತಮಿ ಹಿಂದೆಮುಂದೆ ನೋಡದೆ ಐದನೇ ಇಯತ್ತೆಯ ಸುಲ್ತಾನಾಳ ಓದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಎಮ್ಮೆಯ ಪಾಠವದು. ಹುಡುಗಿಯ ಬಾಯಿಂದ ಎಲ್ಲಿಯೂ ತಡೆಯಿಲ್ಲದೆ, ಹಾಲು ಸುರಿದಂತೆ ಬರುತ್ತಿತ್ತು. ಮೂವತ್ತು ಮಂದಿ ಶಿಕ್ಷಕರು ತಲೆದೂಗಿದರು. ತರಬೇತಿಯಲ್ಲಿ ಕಲಿಸುವ ಬಾಳಕೃಷ್ಣ ಸರ್ ಮಾತ್ರ, “ಸದ್ದ ತಗದ್ ಇನ್ನೊಮ್ಮೆ ತೋರಸ್ರಿ” ಎಂದರು.

ಸದ್ದು ತೆಗೆದಾಗ ಉಳಿದದ್ದು ಬೆರಳು. ಅದು ಸಾಲಿನ ಕೊನೆಯಲ್ಲಿ ನಿಲ್ಲಲಿಲ್ಲ, ಹೊಸ ಸಾಲಿನ ಮೊದಲಿಗೆ ಬರಲಿಲ್ಲ. ಹಾಳೆಯ ನಡುವೆ ಅಚ್ಚಾಗಿದ್ದ ಎಮ್ಮೆಯ ಚಿತ್ರದ ಮೇಲೂ ಅದೇ ಲಯದಲ್ಲಿ ತೇಲಿಕೊಂಡು ಹೋಯಿತು. ಬಾಯಿ ಆಡುತ್ತಲೇ ಇತ್ತು. ಕಣ್ಣು ಬಾಗಿಲ ಕಡೆಗಿತ್ತು.

“ಎಮ್ಮಿನೂ ಓದಿಬಿಟ್ಲಲ್ರಿ,” ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಗೌತಮಿಗೆ ಕೂತ ಕುರ್ಚಿ ಸುಟ್ಟಂತಾಯಿತು.

ತಪ್ಪು ಎಲ್ಲಿಯದೆಂದು ಬಸ್ಸಿನಲ್ಲಿ ತಿಳಿಯಿತು. ಅವಳ ಅಜ್ಜಿ ದ್ವಾರಕಾಬಾಯಿ ದಿನಾ ದೀಪ ಹಚ್ಚಿದ ಮೇಲೆ ಷಟ್ಪದಿ ಹೇಳುತ್ತಿದ್ದಳು, ಮನೆಮಂದಿಯೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ತೆರೆದು ಅತ್ತಿತ್ತ ನೋಡಿದರೆ ಭಕ್ತಿಯಿಲ್ಲವೆಂದು ಲೆಕ್ಕ. ಹಾಗೆ ಬೆಳೆದವಳು ಶಾಲೆಯಲ್ಲೂ ಮಕ್ಕಳ ಓದನ್ನು ಕಣ್ಣು ಮುಚ್ಚಿಯೇ ಕೇಳುತ್ತ ಬಂದಿದ್ದಳು. ಸುಲ್ತಾನಾಳ ಮನೆಮಾತು ಉರ್ದು, ಕನ್ನಡವೆಲ್ಲ ಶಾಲೆಯಲ್ಲಿ ಕಿವಿಯಿಂದ ಬಂದದ್ದು. ತರಗತಿ ಒಕ್ಕೊರಲಿನಲ್ಲಿ ಹೇಳುವ ಪಾಠವನ್ನು ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ಅವಳಿಗದು ಬಾಯಿಪಾಠ. ಅಕ್ಷರದ ಗೊಡವೆಗೆ ಹೋಗುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ.

ತರಬೇತಿಯ ಕೊನೆಯ ಪರೀಕ್ಷೆಗೆ ಓದು ಬಾರದ ಒಂದು ಮಗುವನ್ನು ಆರಿಸಿಕೊಳ್ಳಬೇಕಿತ್ತು. ಹೊರಗಿನ ಪರೀಕ್ಷಕರು ಶಾಲೆಗೇ ಬಂದು, ಆ ಮಗು ಎಂದೂ ನೋಡದ ಹಾಳೆಯೊಂದನ್ನು ಮುಂದಿಡುವರು. ಮಗು ಓದದಿದ್ದರೆ ಶಿಕ್ಷಕಿ ಆ ವರ್ಷವನ್ನು ಮತ್ತೆ ಮಾಡಬೇಕು. ಸ್ವಲ್ಪವೇ ತಡವರಿಸುವ ಸಣ್ಣ ಮಗುವನ್ನು ಆರಿಸಿಕೊಳ್ಳೆಂದು ಗೆಳತಿಯರು ಹೇಳಿದರು. ಗೌತಮಿ ಸುಲ್ತಾನಾಳ ಹೆಸರು ಬರೆದಳು.

ಹುಡುಗಿಯ ತಾಯಿ ಮೈಮುನಬಿಗೆ ವಿಷಯ ತಿಳಿಸುವುದೇ ಕಠಿಣವಾಯಿತು. ಮಗಳ ಓದನ್ನು ಓಣಿಯವರಿಗೆಲ್ಲ ಕೇಳಿಸಿ ಬೀಗುತ್ತಿದ್ದ ಹೆಂಗಸು, ಹೊಲಿಗೆ ಮಷೀನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

“ಹಂಗಾರ ಇಷ್ಟ ದಿನಾ ನೀವೇನ್ ಮಾಡ್ತಿದ್ರಿ ಅಕ್ಕೋರ?”

“ಕಣ್ ಮುಚ್ಚಿ ಕೇಳ್ತಿದ್ದೆ, ಮೈಮುನಬಿ. ತಪ್ಪ ನಂದು.”

ಮೈಮುನಬಿ ಹೊಲಿಯುತ್ತಿದ್ದ ಬಟ್ಟೆ ಮಡಚಿಟ್ಟಳು. ಆಮೇಲೆ ಒಳಗೆ ಹೋಗಿ ಚಹಾ ತಂದಳು.

ಅಂದಿನಿಂದ ಸುಲ್ತಾನಾಳ ಪಠ್ಯಪುಸ್ತಕ ಕಪಾಟಿಗೆ ಹೋಯಿತು. ಗೌತಮಿ ದಿನಾ ಮುಂಜಾನೆ ಹೊಸ ಚೀಟಿ ಬರೆದಳು. ಯಾರ ಮನೆಯ ಮೇಕೆ ಯಾರ ಹಿತ್ತಲಿಗೆ ನುಗ್ಗಿತು, ಯಾರು ಯಾರಿಗೆ ಬೈದರು, ಇಂಥವೇ ಸುದ್ದಿ. ಚೀಟಿಯನ್ನು ಯಾರೂ ಓದಿ ಹೇಳುವಂತಿಲ್ಲ, ಒಂದು ಚೀಟಿ ಎರಡನೆಯ ದಿನಕ್ಕಿಲ್ಲ. ಕೇಳಿದರೆ ಸುಲ್ತಾನಾಳ ಕಿವಿ ಅದನ್ನು ನುಂಗಿಬಿಡುತ್ತದಲ್ಲ. ಹಾಲು ಸುರಿದಂತೆ ಓದುತ್ತಿದ್ದವಳು ಈಗ ಅಕ್ಷರಕ್ಕೊಮ್ಮೆ ಎಡವುವಂತಾಯಿತು. ಎರಡನೇ ಇಯತ್ತೆಯವರು ನಕ್ಕರು. ಹದಿನೈದು ದಿನ ಹುಡುಗಿ ಅತ್ತಳು, ಒಂದು ದಿನ ಚೀಟಿಯನ್ನು ಹರಿದೂ ಹಾಕಿದಳು. ಗೌತಮಿ ಮರುದಿನ ಚೀಟಿ ಹರಿದವಳ ಸುದ್ದಿಯನ್ನೇ ಬರೆದು ಕೊಟ್ಟಳು. ಅದನ್ನು ಸುಲ್ತಾನಾ ಅರ್ಧ ಗಂಟೆ ಜಗ್ಗಾಡಿ ಕೊನೆಯವರೆಗೆ ಓದಿದಳು. ಹೆಡ್ ಮಾಸ್ತರ್ ಬಸವಣ್ಣೆಪ್ಪನವರು ಮಾತ್ರ, “ಹಾಡು ಹಕ್ಕಿ ಬಾಯಿ ಕಟ್ಟಿದ್ರಲ್ರಿ ಅಕ್ಕೋರ,” ಎಂದು ಚುಚ್ಚುವುದನ್ನು ಬಿಡಲಿಲ್ಲ. ಪರೀಕ್ಷೆಯ ಮುಂಜಾನೆಯೂ ಅವರು ಎಮ್ಮೆಯ ಪಾಠವನ್ನೇ ಹೇಳಿಸಿದರೆ ಶಾಲೆಯ ಮರ್ಯಾದೆ ಉಳಿದೀತೆಂದು ಸೂಚಿಸಿದರು. ಹಾಳೆ ಪರೀಕ್ಷಕರದೇ ಇರುತ್ತದೆಂದು ಗೌತಮಿ ತಿಳಿಸಿದಳು.

ಪರೀಕ್ಷಕಿ ಸಂಪದಾ ಮೇಡಂ ಬಸ್ಸಿನಲ್ಲಿಯೇ ಬಂದಿದ್ದರು. ಚೀಲದಿಂದ ತೆಗೆದ ಕಾಗದದ ಬರಹ ಅವರದೇ ಕೈಯದು, ಶಾಯಿ ಅದೇ ದಿನದ್ದು. ಸುಲ್ತಾನಾ ಚಾಪೆಯ ಮೇಲೆ ಕುಳಿತು ಮೊದಲ ಸಾಲಿಗೆ ಬೆರಳಿಟ್ಟಳು. ಗೌತಮಿ ಎದುರಿಗೆ, ಕಣ್ಣು ತೆರೆದು ಕುಳಿತಳು.

“ಬಸ್ಸಿನಲ್ಲಿ... ಒಬ್ಬ ಅಜ್ಜಿ... ಕೋಳಿ ತಂದಿದ್ದಳು. ಕಂ... ಕಂಡ...”

ಬೆರಳು ನಿಂತಿತು. ಬಸವಣ್ಣೆಪ್ಪನವರು ಕೆಮ್ಮಿದರು. ಹುಡುಗಿ ಓದಬೇಕಾದ ಶಬ್ದ ಗೌತಮಿಯ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದಳು. ಸುಲ್ತಾನಾ ಹಿಂದಕ್ಕೆ ಹೋದಳು, ಒತ್ತಕ್ಷರವನ್ನು ದಿಟ್ಟಿಸಿದಳು, ತುಟಿಯಲ್ಲೇ ಮಣಮಣಿಸಿದಳು.

“ಕಂಡಕ್ಟರ್... ಅಜ್ಜಿಯ ಮುಂದೆ ಬಂದು ನಿಂತ...”

ಅಷ್ಟರಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ಕೇಳುತ್ತಿದ್ದವರಿಗೆ ನಗುವಂಥದ್ದೇನೂ ಆಗಿರಲಿಲ್ಲ. ನಗು ತಡೆದುಕೊಂಡು ಅವಳು ಮುಂದೆ ಓದಿದಾಗ ಗೊತ್ತಾಯಿತು: “ಕೋಳಿಗೂ ಅರ್ಧ ಟಿಕೆಟ್ ತೆಗೆಸು ಎಂದ.”

ಕಣ್ಣು ಬಾಯಿಗಿಂತ ಮೊದಲು ಅಲ್ಲಿ ಮುಟ್ಟಿತ್ತು. ಗೌತಮಿ ನೆಟ್ಟಗೆ ಕುಳಿತಳು. ಅಷ್ಟು ವರ್ಷ ಷಟ್ಪದಿ ಕೇಳಿದ ಕಿವಿಗೆ ಈ ಎಡವುವ ಓದಿನಷ್ಟು ಇಂಪಾದದ್ದು ಎಂದೂ ಬಿದ್ದಿರಲಿಲ್ಲ. ಅದರಲ್ಲಿ ತನ್ನ ಪಾಲೂ ಇದೆಯೆಂದು ನೆನೆಯಲು ಆ ಹೊತ್ತು ಅವಳಿಗೆ ಸಂಕೋಚವಾಗಲಿಲ್ಲ. ಬಸವಣ್ಣೆಪ್ಪನವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ್ದರು.

ಸಂಪದಾ ಮೇಡಂ ಫಾರಂ ತೆರೆದು, ತೇರ್ಗಡೆ ಎಂದು ಬರೆದು, ಸಹಿ ಹಾಕಿ ಗೌತಮಿಯ ಕಡೆ ಸರಿಸಿದರು. ಆಮೇಲೆ ಹುಡುಗಿಯ ಮುಂದೆ ಕೈ ಚಾಚಿದರು.

“ಸಾಕವಾ, ಭಾಳ ಚೊಲೋ ಓದಿದಿ. ಕೊಡಿಲ್ಲೆ ಆ ಕಾಗದಾ.”

ಸುಲ್ತಾನಾ ತಲೆ ಎತ್ತಲಿಲ್ಲ.

“ಕೊಡಾಂಗಿಲ್ರಿ,” ಎಂದಳು. “ಇನ್ನೂ ಎರಡ ಸಾಲ ಅದಾವ್ರಿ.”