ದಪ್ಪ ಗಡ್ಡೆಯ ಪಾಲು

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂಬ ಗಾದೆಯನ್ನು ಹಿರಿಯರು ನನ್ನ ನೆಗೆಣ್ಣಿಯನ್ನು ನೋಡಿಯೇ ಕಟ್ಟಿರಬೇಕು. ಬಸವೇಶ್ವರಿ ನನ್ನ ಗಂಡನ ಅಣ್ಣನ ಹೆಂಡತಿ. ಬಾಗಲಕೋಟೆಯ ನವನಗರದಲ್ಲಿ ಒಂದೇ ಸೂರಿನಡಿ, ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಹಾವು ಮುಂಗುಸಿಯ ಹಾಗೆ ಬಾಳಿದೆವು. ನಾನು ಬೆಳಿಗ್ಗೆ ಬಸ್ಸು ಹಿಡಿದು ಶಿರೂರಿನ ಹೈಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ, ಅವಳು ಮನೆ ನೋಡಿಕೊಳ್ಳುತ್ತಿದ್ದಳು. ನಾನಿಲ್ಲದ ಹೊತ್ತಿನಲ್ಲಿ ನನ್ನ ಬಗ್ಗೆ ಏನೇನು ಹಚ್ಚಿಕೊಟ್ಟಿದ್ದಾಳೆ ಎನ್ನುವುದು ಸಂಜೆ ಅತ್ತೆಯ ಮುಖ ನೋಡಿದರೆ ತಿಳಿಯುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ಅವಳು ಒಂದು ಅಂದರೆ ನಾನು ಬಾಗಿಲಲ್ಲೇ ಎರಡು ಅಂದ ಮೇಲೆ ಚಪ್ಪಲಿ ಬಿಡುತ್ತಿದ್ದೆ.

ಅತ್ತೆ ಸಿದ್ದವ್ವನ ಜೀವವೆಲ್ಲ ಒಂದು ಡೇರೆ ಹೂವಿನ ಗಿಡದ ಮೇಲಿತ್ತು. ಹಳೇ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಕಾಲಕ್ಕೆ ಓಣಿಯವರೆಲ್ಲ ಬಾಗಿಲು, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರೆ ಈಕೆ ಡೇರೆ ಗಡ್ಡೆಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನವನಗರಕ್ಕೆ ಬಂದರಂತೆ. ಅಂಥ ಹೂ ನಾನು ಬೇರೆಲ್ಲೂ ನೋಡಿಲ್ಲ. ಇಳಕಲ್ಲ ಸೀರೆಯ ಸೆರಗಿನಂಥ ಕಡುಗೆಂಪು, ಪ್ರತಿ ಎಸಳಿನ ತುದಿಗೆ ಸುಣ್ಣ ಹಚ್ಚಿದಷ್ಟು ಬಿಳಿ. ಶ್ರಾವಣದಲ್ಲಿ ನೆಟ್ಟರೆ ಚಳಿಗಾಲ ಮುಗಿಯುವವರೆಗೆ ಹೂ ಬಿಡುತ್ತಿತ್ತು. ಬೇಸಿಗೆಗೆ ಗಿಡ ಒಣಗಿದ ಮೇಲೆ ಗಡ್ಡೆಯ ಗೊಂಚಲನ್ನು ಕಿತ್ತು, ಒಣ ಮರಳು ತುಂಬಿದ ಗಡಿಗೆಯಲ್ಲಿ ಹುಗಿದು ದೇವರ ಕೋಣೆಯ ಮೂಲೆಯಲ್ಲಿಡುತ್ತಿದ್ದರು. ನೆಡುವಾಗ, ಕೀಳುವಾಗ ಜೊತೆಗಿರುತ್ತಿದ್ದವಳು ಬಸವೇಶ್ವರಿ. ನಾನು ಆಗ ಬಸ್ಸಿನಲ್ಲಿರುತ್ತಿದ್ದೆ.

ಓಣಿಯ ಎಷ್ಟೋ ಹೆಂಗಸರು ಒಂದು ಗಡ್ಡೆ ಕೊಡ್ರಿ ಎಂದು ಕೇಳಿದ್ದರು. ಅತ್ತೆ ಯಾರಿಗೂ ಕೊಡಲಿಲ್ಲ. ಹೂವೇನೋ ಕೇಳಿದವರಿಗೆಲ್ಲ ಕೊಡುತ್ತಿದ್ದರು, ಗಡ್ಡೆ ಮಾತ್ರ ಮನೆ ಬಿಟ್ಟು ಹೋಗಬಾರದು. ಹೋದ ವರ್ಷದ ಪುಷ್ಯಮಾಸದಲ್ಲಿ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡರು.

"ನನಗೇನೂ ಬ್ಯಾಡ. ವರ್ಷಕ್ಕೊಮ್ಮಿ ನನ್ನ ಸಮಾಧಿ ಮ್ಯಾಲೆ ಈ ಹೂವು ಇಡ್ರಿ. ಪ್ಯಾಟ್ಯಾಗಿಂದು ತರಬ್ಯಾಡ್ರಿ," ಎಂದರು.

ಇಬ್ಬರೂ ತಲೆ ಅಲ್ಲಾಡಿಸಿದೆವು. ಅದಾದ ವಾರದೊಳಗೆ ಅವರು ಲಿಂಗೈಕ್ಯರಾದರು. ಅತ್ತೆಯ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಹೂ ಇಡುವುದಾದರೆ ನನ್ನ ಕೈಯಿಂದಲೇ ಇಡಬೇಕು, ಅವಳ ಕೈಯಿಂದಲ್ಲ ಎಂದುಕೊಂಡೆ.

ಅತ್ತೆ ಹೋದ ಮೇಲೆ ಮನೆ ಒಡೆಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅಣ್ಣತಮ್ಮಂದಿರು ಜಗಳವಾಡಲಿಲ್ಲ, ಆ ಕೆಲಸ ನಾವಿಬ್ಬರು ಮಾಡಿದ್ದೆವು. ಆ ಬೇಸಿಗೆಯಲ್ಲೇ ನಮ್ಮ ಮನೆತನದ ಅಯ್ಯನವರಾದ ಬಸಯ್ಯನವರು ಬಂದು ಪಡಸಾಲೆಯಲ್ಲಿ ಕೂತರು. ಹಿರಿಯರು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಮೋಸಕ್ಕೆ ದಾರಿಯೇ ಇರಬಾರದೆಂದು ಹಿಂದಿನವರು ಮಾಡಿಟ್ಟದ್ದು. ಹಂಡೆ, ಕೊಳಗ, ಹಾಸಿಗೆ, ಕಪಾಟು ಎಲ್ಲ ಹಾಗೇ ಹಂಚಿಕೆಯಾದವು. ಕೊನೆಗೆ ಉಳಿದದ್ದು ಮರಳಿನ ಗಡಿಗೆ.

"ಇದನ್ನೂ ಹಂಗ ಮಾಡ್ರಿ. ಹಿರೇ ಸೊಸಿ ಪಾಲು ಹಚ್ಚಲಿ, ಸಣ್ಣ ಸೊಸಿ ಆರಿಸ್ಕೊಳ್ಲಿ. ಆಮ್ಯಾಲ ಯಾರೂ ಪಿಟ್ಟ ಅನಬಾರದು," ಎಂದರು ಬಸಯ್ಯನವರು.

ಬಸವೇಶ್ವರಿ ಗೊಂಚಲನ್ನು ಒಳಗೆ ಒಯ್ದು, ಕೊಯ್ದು, ಮೊರದಲ್ಲಿಟ್ಟುಕೊಂಡು ಬಂದಳು. ಒಂದು ಕಡೆ ನಾಲ್ಕು ದಪ್ಪ ಗಡ್ಡೆ, ನುಣ್ಣಗೆ, ತೊಳೆದ ಗೆಣಸಿನಂತಿದ್ದವು. ಇನ್ನೊಂದು ಕಡೆ ಒಣಗಿದ ದಂಟಿನ ಮೋಟು, ಅದಕ್ಕೆ ಜೋತುಬಿದ್ದ ಬೆರಳುಗಾತ್ರದ ಮೂರು ಸಣಕಲು ಗಡ್ಡೆ.

"ಸಾಲಿ ಕಲಿಸಾಕಿ ಅದೀ, ನೋಡಿ ಆರಿಸ್ಕೋ," ಎಂದಳು.

ಆರಿಸಿಕೊಳ್ಳುವುದೇನು ಬಂತು. ದಪ್ಪನೆಯವನ್ನು ಬಿಟ್ಟು ಒಣಮೋಟನ್ನು ಯಾರು ಎತ್ತುತ್ತಾರೆ? ನಾಲ್ಕನ್ನೂ ಉಡಿಗೆ ಹಾಕಿಕೊಂಡೆ. "ಹೋಗಲಿ ಬಿಡು, ನನ್ನ ದೈವದಾಗ ಇದ್ದದ್ದು ಇಷ್ಟ," ಎಂದು ಅವಳು ನಿಟ್ಟುಸಿರು ಬಿಟ್ಟಳು. ಬಸಯ್ಯನವರು ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಆ ನಿಟ್ಟುಸಿರು ಈಗ ನೆನಪಾದರೂ ನನ್ನ ಮೈ ಉರಿಯುತ್ತದೆ.

ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಶ್ರಾವಣದ ಮೊದಲ ಸೋಮವಾರ ನಾನು ನನ್ನ ಕಡೆ ನೆಟ್ಟೆ, ಅವಳು ಅವಳ ಕಡೆ ನೆಟ್ಟಳು. ಅವಳದು ಚಿಗುರಿತು. ನನ್ನದು ಚಿಗುರಲಿಲ್ಲ. ಗಣಪತಿ ಹಬ್ಬ ಬಂತು, ಅವಳ ಗಿಡ ಮೊಣಕಾಲೆತ್ತರ ಬೆಳೆಯಿತು. ನನ್ನ ಅಂಗಳದಲ್ಲಿ ಬರೀ ಒದ್ದೆ ಮಣ್ಣು. ಎರೆಮಣ್ಣು ಹೆಚ್ಚಾಯಿತೇನೋ ಎಂದು ಮರಳು ಬೆರೆಸಿದೆ. ನೀರು ಕಡಿಮೆ ಮಾಡಿದೆ, ಮತ್ತೆ ಹೆಚ್ಚಿಸಿದೆ. ತವರಿನಲ್ಲಿ ಗೆಣಸು ನೋಡಿ ಬೆಳೆದವಳು ನಾನು. ಗೆಣಸನ್ನು ಎಲ್ಲಿ ಮುರಿದು ಹಾಕಿದರೂ ಚಿಗುರುತ್ತದೆ, ಇದೂ ಹಾಗೆಯೇ ಎಂದು ತಿಳಿದಿದ್ದೆ.

ಬಸವೇಶ್ವರಿ ಗೋಡೆಯ ಮೇಲೆ ಮೊಳಕೈ ಊರಿ ನೋಡುತ್ತಿದ್ದಳು. "ಗಿಡಕ್ಕೂ ಕೈಗುಣ ಬೇಕವಾ. ಎಲ್ಲಾರ ಕೈಗೂ ಒಲಿಯಂಗಿಲ್ಲ," ಎಂದು ನನಗೆ ಕೇಳುವಂತೆ ಪಕ್ಕದ ಮನೆಯ ಶಮಶಾದಬಿಗೆ ಹೇಳುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆ. ಅತ್ತೆಯನ್ನು ಕಡೆಗಾಲದಲ್ಲಿ ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ ಅವರ ಹೂ ನನ್ನ ಮನೆಗೆ ಬರುವುದಿಲ್ಲ ಎಂದು ಓಣಿತುಂಬ ಹೇಳಿಕೊಂಡು ಬಂದಳು. ಅತ್ತೆಯ ಹಾಸಿಗೆ ಬದಲಿಸಿದವಳು ನಾನು. ರಜೆ ಹಾಕಿ ದವಾಖಾನೆಯಲ್ಲಿ ಕೂತವಳು ನಾನು. ಆದರೂ ಓಣಿಯ ಹೆಂಗಸರು ನನ್ನ ಅಂಗಳದ ಕಡೆ ನೋಡಿ ಮುಖ ತಿರುಗಿಸುವಾಗ, ಖರೆ ಇರಬಹುದೇ ಎಂದು ನನಗೇ ಅನ್ನಿಸತೊಡಗಿತು. ಬೆಳಿಗ್ಗೆ ಅತ್ತೆಯ ಫೋಟೋಗೆ ವಿಭೂತಿ ಹಚ್ಚುವಾಗ ಅವರ ಕಣ್ಣು ತಪ್ಪಿಸುತ್ತಿದ್ದೆ.

ದಸರೆಯ ರಜೆಯಲ್ಲಿ ಮೊಬೈಲಿನಲ್ಲಿ ಡೇರೆ ಹೂವಿನ ವಿಡಿಯೋ ಹುಡುಕಿದೆ. ಮರಾಠಿ ಹೆಂಗಸೊಬ್ಬಳು ಗೊಂಚಲನ್ನು ಹಲಗೆಯ ಮೇಲಿಟ್ಟು ಚಾಕುವಿನಿಂದ ತೋರಿಸುತ್ತಿದ್ದಳು. ಮೊಳಕೆಯ ಕಣ್ಣು ಇರುವುದು ಗಡ್ಡೆಯ ಮೈಮೇಲಲ್ಲ, ಅದು ಹಳೆಯ ದಂಟಿಗೆ ಕೂಡುವ ಕುತ್ತಿಗೆಯ ಹತ್ತಿರ. ಆ ತುಣುಕು ಬಿಟ್ಟು ಕೊಯ್ದರೆ ಗಡ್ಡೆ ಎಷ್ಟೇ ದಪ್ಪವಿರಲಿ, ಜನ್ಮದಲ್ಲಿ ಚಿಗುರುವುದಿಲ್ಲ. ಎದ್ದು ಹೋಗಿ ಅಂಗಳ ಅಗೆದೆ. ನಾಲ್ಕೂ ಗಡ್ಡೆ ಕಲ್ಲಿನಷ್ಟು ಗಟ್ಟಿಯಾಗಿದ್ದವು, ಬಿಳಿ ಬೇರು ಕೂಡ ಬಿಟ್ಟಿದ್ದವು. ಕುತ್ತಿಗೆಯನ್ನು ಮಾತ್ರ ಒಂದೇ ಅಳತೆಯಲ್ಲಿ ಸವರಿ ಹಾಕಲಾಗಿತ್ತು. ಕಣ್ಣೆಲ್ಲ ಅವಳ ಒಣಮೋಟಿನ ಜೊತೆ ಹೋಗಿದ್ದವು. ಅವಳನ್ನು ಕೂದಲು ಹಿಡಿದು ಎಳೆದು ತರಬೇಕೆನಿಸಿತು.

"ಒಂದ ಹೂವಿನ ಸಲವಾಗಿ ಅಣ್ಣನ ಮನಿ ಕೂಡ ಜಗಳಾ ತಗೀತಿಯೇನು?" ಎಂದರು ನನ್ನ ಗಂಡ ಸುನೀಲಕುಮಾರ.

"ಹೂವಿನ ಸಲವಾಗಿ ಅಲ್ಲರಿ. ಎರಡು ತಿಂಗಳಿಂದ ಆಕಿ ನನ್ನ ಮಾರಿ ನೋಡಿ ನಗಾಕತ್ತಾಳ," ಎಂದೆ.

ಆದರೆ ಅವತ್ತು ಕೂಗಾಡಲಿಲ್ಲ. ಕೂಗಾಡಿದರೆ ಅವಳು ಕಣ್ಣಲ್ಲಿ ನೀರು ತಂದುಕೊಂಡು ನನಗೇನು ಗೊತ್ತು ಎನ್ನುತ್ತಾಳೆ. ಪುಷ್ಯದಲ್ಲಿ ಅತ್ತೆಯ ವರ್ಷದ ಪೂಜೆ ಬರುತ್ತದೆ. ಬಳಗವೆಲ್ಲ ಸೇರುತ್ತದೆ, ಬಸಯ್ಯನವರೂ ಇರುತ್ತಾರೆ. ಅವಳು ಸೆರಗು ಹೊದ್ದು ತನ್ನ ಹೂ ಹಿಡಿದು ನಿಂತ ಹೊತ್ತಿಗೆ ಈ ನಾಲ್ಕನ್ನೂ ಅವರೆಲ್ಲರ ಮುಂದೆ ಇಡಬೇಕು, ಹೂವನ್ನು ಅವಳ ಕೈಯಿಂದ ಕಿತ್ತುಕೊಂಡು ನಾನೇ ಸಮಾಧಿಯ ಮೇಲಿಡಬೇಕು. ಗಡ್ಡೆಗಳನ್ನು ಮತ್ತೆ ಮಣ್ಣಿನಲ್ಲಿ ಹೂತು, ದಿನಾ ನೀರು ಹಾಕುತ್ತ ಕಾದೆ.

ಅವಳ ಗಿಡ ಸೊಂಟದವರೆಗೆ ಬಂತು. ಮೊಗ್ಗು ಹಿಡಿಯಿತು. ಅಷ್ಟಕ್ಕೆ ಅವಳಿಗೆ ಸಮಾಧಾನವಿಲ್ಲ. ಅತ್ತೆಯ ಕಾಲದಲ್ಲಿ ಹೂ ಅಂಗೈ ಅಗಲ ಬಿಡುತ್ತಿತ್ತು, ಇವಳಿಗೆ ತಾಟಿನಷ್ಟು ಅಗಲದ್ದು ಬೇಕು, ನಾನು ನೋಡಿ ಸಾಯಬೇಕು. ಕುರುಬರ ಹತ್ತಿರ ಚೀಲಗಟ್ಟಲೆ ಹಸಿ ಕುರಿಗೊಬ್ಬರ ತರಿಸಿ ಬುಡಕ್ಕೆ ಗುಡ್ಡೆ ಹಾಕಿದಳು. ಕುರಿಗೊಬ್ಬರ ಕಳಿಯದೆ ಹಾಕಿದರೆ ಬೇರು ಸುಡುತ್ತದೆ ಎಂದು ನಮ್ಮ ಕಡೆ ಹೊಲ ಮಾಡುವವರಿಗೆಲ್ಲ ಗೊತ್ತು. ಹೊಟ್ಟೆಕಿಚ್ಚು ಬುದ್ಧಿಯನ್ನೂ ಸುಡುತ್ತದೆ. ಎಲೆಯ ಅಂಚು ಕರಕಾದಾಗ ಬಾಯಾರಿಕೆ ಎಂದುಕೊಂಡು ಎರಡು ಹೊತ್ತು ಕೊಡಗಟ್ಟಲೆ ನೀರು ಸುರಿದಳು. ಬುಡ ಕಪ್ಪಾಯಿತು, ಗಿಡ ಮೊಗ್ಗಿನ ಸಮೇತ ವಾಲಿತು. ಒಂದು ಭಾನುವಾರ ಅವಳು ಅದನ್ನು ಹಿಡಿದೆತ್ತಿದಾಗ ನಾನು ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ದಂಟು ಕೈಗೆ ಬಂತು. ಗಡ್ಡೆ ಇದ್ದ ಜಾಗದಲ್ಲಿ ಕೊಳೆತ ಬಾಳೆಹಣ್ಣಿನಂಥ ಲೋಳೆ.

ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೆ ಹೋಗಿ ಚಹಾ ಮಾಡಿಕೊಂಡು ಕುಡಿದೆ. ಕಪ್ಪು ತೊಳೆಯುವಾಗಲೇ ಹೊಳೆದದ್ದು, ಆ ಗಿಡದ ಹೊರತು ಲೋಕದಲ್ಲಿ ಅತ್ತೆಯ ಹೂ ಬೇರೆಲ್ಲೂ ಇರಲಿಲ್ಲ ಎಂದು. ಕಪ್ಪನ್ನು ಅಲ್ಲೇ ಬಿಟ್ಟು ಮತ್ತೆ ಗೋಡೆಯ ಹತ್ತಿರ ಹೋದೆ.

ಎರಡು ದಿನ ಬಿಟ್ಟು ಬಸವೇಶ್ವರಿ ನನ್ನ ಬಾಗಿಲಿಗೆ ಬಂದಳು. ಪಾಲಾದ ಮೇಲೆ ಮೊದಲ ಸಲ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ.

"ಅತ್ತಿ ಹೂವು ಹೋಗಬಾರದಲ್ಲ ನಾಗರತ್ನಾ," ಎಂದಳು, ಬೆಣ್ಣೆಯಂಥ ದನಿಯಲ್ಲಿ. "ನಿನ್ನ ಗಡ್ಡಿ ಇನ್ನೂ ಗಟ್ಟಿ ಅದಾವಂತ ಶಮಶಾದಬಿ ಅಂದ್ಲು. ಒಂದೆರಡು ಕೊಡು, ನನ್ನ ಕಡೆ ಇಟ್ಟು ನೋಡ್ತೇನಿ."

"ಎರಡ್ಯಾಕ್ರಿ ಅಕ್ಕಾರ, ನಾಕೂ ನೋಡ್ರಿ," ಎಂದೆ.

ಅಗೆದು, ತೊಳೆದು, ತಾಟಿನಲ್ಲಿಟ್ಟು ಅವಳ ಮುಂದೆ ಇಟ್ಟೆ. ನಾನು ಪಾಲಿನ ದಿನ ಅವುಗಳ ದಪ್ಪ ನೋಡಿದ್ದೆ, ತೂಕ ನೋಡಿದ್ದೆ. ಅವಳು ಅದಾವುದನ್ನೂ ನೋಡಲಿಲ್ಲ. ಗಡ್ಡೆಯನ್ನು ತಿರುವಿ ನೇರ ಕುತ್ತಿಗೆಗೆ ಹೆಬ್ಬೆರಳು ಹಚ್ಚಿದಳು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಒಂದು ಕೆಳಗಿಟ್ಟು ಇನ್ನೊಂದು ತೆಗೆದುಕೊಂಡಳು. ಮೂರನೆಯದನ್ನು ಉಗುರಿನಿಂದ ಕೆರೆದಳು. ನಾಲ್ಕನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಒಂದ್ರಾಗರ ಕಣ್ಣು ಇರಬೇಕಿತ್ತು," ಎಂದಳು, ನನಗಲ್ಲ, ತನಗೆ ತಾನೇ. "ಅವಸರದಾಗ ಕೊಯ್ದಿದ್ದೆ. ಒಂದ್ರಾಗರ ಉಳದಿರಬೇಕು."

"ನಾನೂ ಹುಡುಕೀನ್ರಿ ಅಕ್ಕಾರ. ಒಂದೂ ಉಳಿಸಿಲ್ಲ ನೀವು. ಭಾಳ ಚೊಕ್ಕ ಕೊಯ್ದೀರಿ."

ಅವಳು ತಲೆಯೆತ್ತಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ನಿನ್ನ ಕೈ ಹಿಡದು ಎತ್ತಿಸಿದ್ನೇನು?" ಎಂದಳು. "ಎರಡೂ ಪಾಲು ನಿನ್ನ ಮುಂದ ಇದ್ದೂವು. ಸಣ್ಣೂವು ಆರಿಸ್ಕೊಂಡಿದ್ದರ ಇವತ್ತ ಅತ್ತಿ ಹೂವು ನಿನ್ನ ಅಂಗಳದಾಗ ಇರ್ತಿತ್ತು, ನಾ ಬಾಯಿ ಮುಚ್ಕೊಂಡು ಕೂಡ್ತಿದ್ದೆ. ನಿನಗ ದಪ್ಪನೂವ ಬೇಕಾಗಿದ್ದೂವು. ಅದು ನನಗ ಗೊತ್ತಿತ್ತು."

ಹತ್ತಾರು ವರ್ಷ ಅವಳ ಒಂದು ಮಾತಿಗೂ ಉತ್ತರ ಬಾಕಿ ಉಳಿಸಿಕೊಂಡವಳಲ್ಲ ನಾನು. ಅವತ್ತು ಗಡ್ಡೆಗಳನ್ನು ಒಂದೊಂದಾಗಿ ತಾಟಿಗೆ ತುಂಬಿದೆ. ಅವಳು ಗೇಟು ದಾಟಿ ಹೋದಳು. ಕರದಂಟನ್ನು ನಾನು ಮುಟ್ಟಲಿಲ್ಲ, ಇರುವೆ ಮುತ್ತಿದ ಮೇಲೆ ಡಬ್ಬಿಯನ್ನೇ ಎಸೆದೆ.

ವರ್ಷದ ಪೂಜೆಯ ದಿನ ಬೆಳಿಗ್ಗೆ ನಾಲ್ಕೂ ಗಡ್ಡೆಯನ್ನು ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಸಮಾಧಿಯ ಹತ್ತಿರ ಬಳಗವೆಲ್ಲ ನೆರೆದಿತ್ತು. ನನ್ನ ಬಾವ ಶ್ರೀಶೈಲ ಪೇಟೆಯಿಂದ ಚೆಂಡುಹೂವಿನ ಬುಟ್ಟಿ ತಂದಿದ್ದರು. ಅವರು ಸಾಧು ಮನುಷ್ಯ, ಹೆಂಗಸರ ಜಗಳದ ಗೋಜಿಗೆ ಬಂದವರಲ್ಲ, ಅಂಗಳದ ಗಿಡದ ಕಡೆಗೂ ನೋಡಿದವರಲ್ಲ. ಬುಟ್ಟಿ ಕೆಳಗಿಟ್ಟು ಸುತ್ತ ನೋಡಿದರು.

"ಅವ್ವನ ಹೂವು ಎಲ್ಲಿ?"

ಬಸಯ್ಯನವರೂ ನಮ್ಮ ಕಡೆ ನೋಡಿದರು. ಬಸವೇಶ್ವರಿಯ ಮುಖ ಸುಣ್ಣ ಹಚ್ಚಿದ ಗೋಡೆಯಂತಾಗಿತ್ತು. ನಾನು ತಿಂಗಳುಗಟ್ಟಲೆ ಕಾದ ಗಳಿಗೆ ಇದೇ. ಚೀಲದೊಳಗೆ ಕೈ ಹಾಕಿದೆ, ಪೇಪರು ಬೆರಳಿಗೆ ತಗುಲಿತು. ತೆಗೆದು ತೋರಿಸಿದರೆ ಅವಳು ಕೊಯ್ದದ್ದು ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಇವನ್ನು ಆರಿಸಿಕೊಂಡವರು ಯಾರು ಎಂದು ಬಸಯ್ಯನವರು ಕೇಳುತ್ತಾರೆ. ಕೇಳುವುದೂ ಬೇಡ, ಆ ದಿನ ಅವರೇ ಎದುರಿಗೆ ಕೂತಿದ್ದರು. ಕೈಯನ್ನು ಬರಿದೇ ಹೊರಗೆ ತೆಗೆದೆ.

"ಈ ವರ್ಷ ಬರಲಿಲ್ಲರಿ," ಎಂದಳು ಬಸವೇಶ್ವರಿ.

"ನಿಮ್ಮ ಕಡೆ?" ಎಂದು ಬಾವ ನನ್ನತ್ತ ತಿರುಗಿದರು.

"ನಮ್ಮ ಕಡಿನೂ ಬರಲಿಲ್ಲರಿ, ಬಾವಾರ."

ಅವರು ಬುಟ್ಟಿಯಿಂದ ಬೊಗಸೆ ತುಂಬ ಚೆಂಡುಹೂ ಎತ್ತಿ ಸಮಾಧಿಯ ಮೇಲೆ ಹರಡಿದರು.

"ಇರಲಿ ಬಿಡ್ರಿ. ಮುಂದಿನ ವರ್ಷ ಇಬ್ಬರೂ ತರ್ರಿ," ಎಂದರು.

"ಹ್ಞೂಂರಿ," ಎಂದೆವು ನಾವಿಬ್ಬರೂ.